ರಂಟೆಯ ಬೆನ್ನಿಗೆ ಪಂಪು, ಪಂಪಿನ ಬೆನ್ನಿಗೆ ಇಂಜಿನ್

ಲೇತ್ ಕಲಿಯಲು ಬರುವ ಹುಡುಗನಿಗೆ ನಾವು ಮೊದಲು ಕಲಿಸುವುದು ಕ್ರಮ. ಕಬ್ಬಿಣದ ತುಂಡನ್ನು ಚಕ್ಕಿಗೆ ಹಿಡಿಸಿದ ಮೇಲೆ ಮೊದಲು ಅದರ ಮುಖ ಸಮ ಮಾಡಬೇಕು, ಬಳಿಕ ನಡುವೆ ಸೆಂಟರ್ ಕೊರೆಯಬೇಕು, ಆಮೇಲೆ ಹೊರಮೈ ಇಳಿಸಬೇಕು, ಕಟ್ಟಕಡೆಗೆ ಥ್ರೆಡ್ ಹಾಕಬೇಕು. ಹಿಂದಿನದು ಸರಿಬಿದ್ದರೆ ಮಾತ್ರ ಮುಂದಿನದಕ್ಕೆ ಹಿಡಿತ ಸಿಗುತ್ತದೆ. ಬೆಳಗಾವಿ ಸೀಮೆಯ ಐಟಿಐಗಳಲ್ಲಿ ಟರ್ನರ್ ಹುಡುಗರಿಗೆ ಇದನ್ನೇ ಹೇಳುತ್ತ ನಿವೃತ್ತನಾದವನು ನಾನು. ಶಂತನುರಾವ್ ಕಿರ್ಲೋಸ್ಕರರ ಬದುಕನ್ನು ಓದುತ್ತ ಹೋದಂತೆ ಅವರ ಉದ್ಯಮದಲ್ಲಿಯೂ ನನಗೆ ಅದೇ ಕ್ರಮ ಕಾಣತೊಡಗಿತು. 1926ರಲ್ಲಿ ಅವರು ಓದು ಮುಗಿಸಿ ತಂದೆಯ ಕಾರ್ಖಾನೆಗೆ ಬಂದಾಗ ಅಲ್ಲಿ ಆಗುತ್ತಿದ್ದದ್ದು ಹೆಚ್ಚಾಗಿ ರಂಟೆ, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ, ಇಂಥ ಒಕ್ಕಲುತನದ ಸಾಮಾನು. 1994ರಲ್ಲಿ ಅವರು ತೀರಿಕೊಂಡಾಗ ಅದೇ ಮನೆತನದ ಹೆಸರಿನಲ್ಲಿ ಪಂಪು, ಡೀಸೆಲ್ ಇಂಜಿನ್, ವಿದ್ಯುತ್ ಮೋಟಾರು, ಲೇತು, ಗಾಳಿಯ ಕಂಪ್ರೆಸರ್ ಎಲ್ಲ ಇದ್ದವು. ಹೊರಗಿನಿಂದ ನೋಡಿದವರಿಗೆ ಇದು ಸಿಕ್ಕಸಿಕ್ಕಲ್ಲಿ ಕೈಹಾಕಿದ ಹಾಗೆ ಕಾಣಬಹುದು. ನನಗೆ ಕಾಣುವುದು ಬೇರೆ: ಒಂದೊಂದು ಹೊಸ ವಸ್ತುವೂ ಅದರ ಹಿಂದಿನ ವಸ್ತುವಿನ ಕೊರತೆಯೊಳಗಿಂದ ಹುಟ್ಟಿದೆ.

ಇದನ್ನು ಹೇಳಬೇಕಾದರೆ ನಮ್ಮ ಸೀಮೆಯಿಂದಲೇ ಹೊರಡಬೇಕು.

ಸವದತ್ತಿಯ ಬಳಿಯ ಗುರ್ಲಹೊಸೂರು ಇಬ್ಬರು ಕಿರ್ಲೋಸ್ಕರರನ್ನು ಹಡೆದ ಊರು. 1843ರಲ್ಲಿ ಅಲ್ಲಿ ಹುಟ್ಟಿದ ಬಳವಂತ ಪಾಂಡುರಂಗ ಕಿರ್ಲೋಸ್ಕರರು, ಅಂದರೆ ಅಣ್ಣಾಸಾಹೇಬರು, ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದವರು. 1880ರಲ್ಲಿ ಪುಣೆಯಲ್ಲಿ ಅವರು ಆಡಿಸಿದ ‘ಶಾಕುಂತಲ’ದಿಂದ ಆ ರಂಗಭೂಮಿಯ ಹೊಸ ಕಾಲ ಶುರುವಾಯಿತು. ಅದೇ ಊರಲ್ಲಿ 1869ರಲ್ಲಿ ಹುಟ್ಟಿದವರು ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ, ಶಂತನುರಾಯರ ತಂದೆ. ಹಾಡೂ ಯಂತ್ರವೂ ಒಂದೇ ಊರಿನ ಒಂದೇ ಮನೆತನದಿಂದ ಹೊರಟವು. ನಮ್ಮ ಕಡೆ ಮನೆಯೊಳಗೆ ಮರಾಠಿ, ಓಣಿಯಲ್ಲಿ ಕನ್ನಡ ಆಡುವ ಕುಟುಂಬಗಳು ಬಹಳ. ಅವರನ್ನು ಇತ್ತ ಎಳೆಯಬೇಕೋ ಅತ್ತ ಎಳೆಯಬೇಕೋ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಮಲಪ್ರಭೆಯ ದಂಡೆಯ ಎರಿ ಹೊಲಗಳನ್ನು ಕಂಡು ಬೆಳೆದವರು ಅವರು ಎಂಬುದು ನನಗೆ ಮುಖ್ಯ.

ಲಕ್ಷ್ಮಣರಾಯರು ಮೊದಲು ಚಿತ್ರಕಾರರಾಗಲು ಹೊರಟವರು. ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಕೆಲವು ಬಣ್ಣಗಳನ್ನು ತಮ್ಮ ಕಣ್ಣು ಗುರುತಿಸುತ್ತಿಲ್ಲವೆಂದು ಅಲ್ಲಿ ಗೊತ್ತಾಯಿತು. ಬಣ್ಣ ಬಿಟ್ಟರೂ ಗೆರೆ ಕೈಬಿಡಲಿಲ್ಲ. ಯಂತ್ರದ ನಕ್ಷೆ ಬಿಡಿಸುವುದನ್ನು ಕಲಿತು ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದರು. ತಮಗೆ ಬರಬೇಕಾಗಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರಿಗೆ ಹೋದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಇಲ್ಲಿ ಅಣ್ಣ ರಾಮುಅಣ್ಣನವರ ಜೊತೆ ಸೈಕಲ್ ವ್ಯಾಪಾರ ಆಗಲೇ ಇತ್ತು. ಕಂಪನಿ ತನ್ನ ಹುಟ್ಟಿನ ವರ್ಷವೆಂದು ಇಂದಿಗೂ ಎಣಿಸುವುದು ಆ ಅಂಗಡಿಯ 1888ನ್ನು. ಸೈಕಲ್ ಮಾರುವುದರ ಜೊತೆಗೆ ಅದನ್ನು ಹತ್ತಿ ನಡೆಸುವುದನ್ನೂ ಶುಲ್ಕ ತೆಗೆದುಕೊಂಡು ಕಲಿಸುತ್ತಿದ್ದರು.

ಸೈಕಲ್ ಪರದೇಶದ ಮಾಲು. ತಾವೇ ಮಾಡಿದ ಮೊದಲ ಯಂತ್ರ ಮೇವು ಕತ್ತರಿಸುವುದು. ಜೋಳದ ಕಣಕಿಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟು ತುಳಿದು ಬಿಡುತ್ತದೆ. ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಹೋಗುತ್ತದೆ. ಬರದ ವರ್ಷಗಳನ್ನು ಕಂಡ ಸೀಮೆಗೆ ಅದರ ಬೆಲೆ ಬೇಗ ತಿಳಿಯಿತು. ಅದರ ಬೆನ್ನಿಗೆ ಬಂದದ್ದು ಕಬ್ಬಿಣದ ರಂಟೆ. ಇದಕ್ಕೆ ಮಾತ್ರ ರೈತರು ಸುಲಭವಾಗಿ ಒಪ್ಪಲಿಲ್ಲ. ಕಬ್ಬಿಣ ಭೂಮಿಗೆ ವಿಷ ಎಂಬ ನಂಬಿಕೆ ಇತ್ತು. ಮೊದಲ ರಂಟೆ ಮಾರಾಟವಾಗುವುದಕ್ಕೇ ಎರಡು ವರ್ಷ ಹಿಡಿಯಿತೆಂದು ಕಂಪನಿಯ ಚರಿತ್ರೆ ಹೇಳುತ್ತದೆ.

ರೈತರ ಆ ಅಳುಕನ್ನು ನಾನು ಮೌಢ್ಯ ಎಂದು ತಳ್ಳಿಹಾಕಲಾರೆ. ಕಟ್ಟಿಗೆಯ ನೇಗಿಲು ಮಣ್ಣನ್ನು ಗೀರುತ್ತದೆ, ಕಬ್ಬಿಣದ ರಂಟೆ ಅದನ್ನು ಮಗುಚಿ ಹಾಕುತ್ತದೆ. ಕೆಳಗಿನ ತಂಪು ಮಣ್ಣು ಮೇಲೆ ಬಿದ್ದು ಬಿಸಿಲಿಗೆ ಒಣಗುವುದನ್ನು ಮೊದಲ ಸಲ ನೋಡಿದವನಿಗೆ ಎದೆ ಝಲ್ಲೆನ್ನುವುದು ಸಹಜ. ಮೇಲಾಗಿ ಎರಿ ನೆಲದಲ್ಲಿ ರಂಟೆ ಎಳೆಯಲು ಒಂದು ಜೋಡಿ ಎತ್ತು ಸಾಲದು. ಮೂರು ನಾಲ್ಕು ಜೋಡಿ ಹೂಡಬೇಕು, ಮುಯ್ಯಾಳು ಕೂಡಬೇಕು. ತಪ್ಪಿದರೆ ವರ್ಷದ ಬೆಳೆಯೇ ಹೋಗುವವನು ಹೊಸ ಸಾಮಾನಿಗೆ ಹಿಂದೆಮುಂದೆ ನೋಡುತ್ತಾನೆ. ಅವನನ್ನು ಒಪ್ಪಿಸಿದ್ದು ಕರಿಕೆ ಹುಲ್ಲು. ಎರಿ ಹೊಲದಲ್ಲಿ ಕರಿಕೆ ಹೊಕ್ಕರೆ ಅದರ ಬೇರು ಆಳಕ್ಕಿಳಿದು, ಕುಂಟೆ ಎಷ್ಟು ಹೊಡೆದರೂ ಮತ್ತೆ ಚಿಗುರುತ್ತದೆ. ರಂಟೆ ಹೊಡೆದ ಹೊಲದಲ್ಲಿ ಆ ಬೇರುಗಳು ಮೇಲೆ ಬಂದು ಬೇಸಿಗೆಯ ಬಿಸಿಲಿಗೆ ಸತ್ತವು. ಬಾಜೂ ಹೊಲದವನು ಅದನ್ನು ಕಣ್ಣಾರೆ ಕಂಡ. ನಮ್ಮ ಅಜ್ಜ ಹೊಸ ರಂಟೆಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಹೊಲಕ್ಕೆ ಒಯ್ದನೆಂದು ಅಪ್ಪ ಹೇಳುತ್ತಿದ್ದ. 1969ರಲ್ಲಿ ಲಕ್ಷ್ಮಣರಾಯರ ಜನ್ಮಶತಮಾನಕ್ಕೆ ಅಂಚೆ ಇಲಾಖೆ ತಂದ ಚೀಟಿಯಲ್ಲಿ ಅವರ ಮುಖದ ಜೊತೆಗಿರುವುದೂ ರಂಟೆಯೇ.

ರಂಟೆಯ ಕುಳ ಸವೆಯುತ್ತದೆ. ಪರದೇಶದ ರಂಟೆ ತಂದವನು ಹೊಸ ಕುಳಕ್ಕೆ ಹಡಗಿನ ದಾರಿ ಕಾಯಬೇಕಾಗಿತ್ತು. ಬೆಳಗಾವಿಯಲ್ಲೇ ಎರಕ ಹೊಯ್ದ ಕುಳ ಸಂತೆಯ ದಾರಿಯಲ್ಲಿ ಸಿಗುತ್ತಿತ್ತು. ಕಿರ್ಲೋಸ್ಕರರ ಮುಂದಿನ ಎಲ್ಲ ಕೆಲಸಕ್ಕೂ ತಳಪಾಯ ಇದು: ಮಾರಿದ ವಸ್ತುವಿನ ಬಿಡಿಭಾಗ ಕೈಗೆ ಹತ್ತಿರವಿರಬೇಕು, ಮತ್ತು ಆ ಎರಕ ತಮ್ಮದೇ ಕುಲುಮೆಯಿಂದ ಬರಬೇಕು.

ಆ ಹೊತ್ತಿನಲ್ಲಿ ಬೆಳಗಾವಿ ಅವರನ್ನು ಕಳೆದುಕೊಂಡಿತು. ಊರು ಬೆಳೆಸಲು ಹೊಸ ಬಡಾವಣೆ ಮಾಡಬೇಕೆಂದು ಪುರಸಭೆ ಕಾರ್ಖಾನೆಯ ಜಾಗ ಬಿಡುವಂತೆ ಹೇಳಿತು. ಲಕ್ಷ್ಮಣರಾಯರು ಆಗ ಔಂಧ ಸಂಸ್ಥಾನದಲ್ಲಿ ದೇವಸ್ಥಾನದ ಸಭಾಮಂಟಪ ಕಟ್ಟಿಸುವ ಕೆಲಸ ಹಿಡಿದಿದ್ದರು. ಅಲ್ಲಿಯ ರಾಜಾ ಬಾಳಾಸಾಹೇಬ ಪಂತಪ್ರತಿನಿಧಿಯವರು ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟರು, ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಬಂಜರು ಕೊಟ್ಟರು. 1910ರ ಮಾರ್ಚಿನಲ್ಲಿ ಯಂತ್ರಗಳೂ ಇಪ್ಪತ್ತೈದು ಕುಟುಂಬಗಳೂ ಅಲ್ಲಿಗೆ ಹೋದವು. ಪಾಪಾಸುಕಳ್ಳಿ, ಕಲ್ಲು, ಹಾವು, ಇಷ್ಟೇ ಅಲ್ಲಿದ್ದದ್ದು. ಇಂದು ಅದು ಕಿರ್ಲೋಸ್ಕರವಾಡಿ. ನಿಲ್ದಾಣದ ಹೆಸರೂ ಅದೇ. ಮಿರಜದಿಂದ ಪುಣೆಗೆ ಹೋಗುವ ಗಾಡಿಯಲ್ಲಿ ಕೂತ ಬೆಳಗಾವಿಯ ಮಂದಿ ಕಿಟಕಿಯಿಂದ ಆ ಫಲಕ ಓದಿ ಮುಂದೆ ಹೋಗುತ್ತಾರೆ. ನಮ್ಮೂರಿನ ಒಂದು ನೋಟೀಸಿನಿಂದ ಹುಟ್ಟಿದ ಊರು ಅದು ಎಂದು ಎಷ್ಟು ಜನಕ್ಕೆ ಗೊತ್ತಿದೆಯೋ. ಆ ನಷ್ಟ ಸಣ್ಣದಲ್ಲ ಎಂದೇ ನನ್ನ ಅನಿಸಿಕೆ.

ಶಂತನು 1903ರ ಮೇ 28ರಂದು ಸೊಲ್ಲಾಪುರದಲ್ಲಿ ಹುಟ್ಟಿದ ಮಗು. ಕಾರ್ಖಾನೆ ಕಳ್ಳಿಯ ಬಯಲಿಗೆ ಹೋದಾಗ ಅವರಿಗೆ ಇನ್ನೂ ಏಳು ತುಂಬಿರಲಿಲ್ಲ. ಗುಡಿಸಲು, ಕುಲುಮೆ, ಹೊಯಿಗೆಯ ಅಚ್ಚು ಇವುಗಳ ನಡುವೆ ಆಡಿ ಬೆಳೆದರು. ಇಳಿವಯಸ್ಸಿನಲ್ಲಿ ತಮ್ಮ ಬಾಳನ್ನು ಹಿಂತಿರುಗಿ ನೋಡಿ ಬರೆದ ಇಂಗ್ಲಿಷ್ ಆತ್ಮಕಥೆಗೆ ಅವರು ‘ಕ್ಯಾಕ್ಟಸ್ ಅಂಡ್ ರೋಸಸ್’ ಎಂದು ಹೆಸರಿಟ್ಟದ್ದರಲ್ಲಿ ಆ ಕಳ್ಳಿಯೇ ಇದೆ. ತಂದೆ ಅಂಥ ಊರು ಕಟ್ಟಿದ್ದರು: ಅಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ, ಸೆರೆಮನೆ ಕಂಡು ಬಂದವರನ್ನೂ ನಂಬಿ ಕಾವಲಿಗೆ ಇಟ್ಟುಕೊಂಡಿದ್ದರು. ಶಂಭೋರಾವ್ ಜಾಂಭೇಕರರಂಥ, ಮಂಗೇಶರಾವ್ ರೇಗೆಯವರಂಥ ಜೊತೆಗಾರರು ಯಂತ್ರವನ್ನೂ ಲೆಕ್ಕಪತ್ರವನ್ನೂ ಹೊತ್ತು ನಡೆಸಿದರು. ಮೊದಲ ಮಹಾಯುದ್ಧ ಬಂದಾಗ ಪರದೇಶದ ಬೀಡುಕಬ್ಬಿಣ, ಕಲ್ಲಿದ್ದಲು ಸಿಗುವುದು ಕಷ್ಟವಾಯಿತು. ಎರಕದ ಕಾರ್ಖಾನೆಗೆ ಬೀಡು ಸಿಗದಿದ್ದರೆ ಕುಲುಮೆ ಆರುತ್ತದೆ. ಆ ಇಕ್ಕಟ್ಟಿನ ನೆನಪು ಆ ಮನೆತನದಲ್ಲಿ ಬಹುಕಾಲ ಉಳಿದಿರಬೇಕೆಂದು ನನಗೆ ತೋರುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಆಯಿತು. ಅದೇ ವರ್ಷ ಶಂಕರರಾವ್ ಕಿರ್ಲೋಸ್ಕರರು ಮಾಲಿನ ಸುದ್ದಿ ಮುಟ್ಟಿಸಲು ‘ಕಿರ್ಲೋಸ್ಕರ ಖಬರ್’ ಎಂಬ ಮರಾಠಿ ಪತ್ರಿಕೆ ಶುರುಮಾಡಿದರು. ಅದು ಬೆಳೆದು ದೊಡ್ಡ ಮಾಸಪತ್ರಿಕೆಯಾಯಿತು, 1930ರಲ್ಲಿ ‘ಸ್ತ್ರೀ’ ಎಂಬ ತಂಗಿ ಹುಟ್ಟಿತು. ಕಂಪನಿ ಆದ ಎರಡು ವರ್ಷದ ಬಳಿಕ, 1922ರಲ್ಲಿ, ಶಂತನುರಾಯರು ಅಮೆರಿಕಕ್ಕೆ ಹೊರಟರು. ಎಂಐಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ 1926ರಲ್ಲಿ ಪದವಿ ಪಡೆದರು. ಅಲ್ಲಿ ಓದಿದ ಮೊದಮೊದಲ ಭಾರತೀಯರಲ್ಲಿ ಅವರೊಬ್ಬರು. ಅಂಥ ಪದವಿ ಇದ್ದವನಿಗೆ ಆಗ ಎಲ್ಲಿ ಬೇಕಾದರೂ ದೊಡ್ಡ ಸಂಬಳ ಸಿಗುತ್ತಿತ್ತು. ಅವರು ಬಂದದ್ದು ಕಿರ್ಲೋಸ್ಕರವಾಡಿಯ ಎರಕದ ಮನೆಗೆ.

ಕಿರ್ಲೋಸ್ಕರ್ ಬ್ರದರ್ಸ್ ಮೊದಲ ಸೆಂಟ್ರಿಫ್ಯೂಗಲ್ ಪಂಪು ಮಾಡಿದ್ದು ಆ 1926ರಲ್ಲಿಯೇ. ರಂಟೆಯಿಂದ ಪಂಪಿಗೆ ಹೋದದ್ದು ದೂರದ ಹಾರಿಕೆ ಅಲ್ಲ. ಅದೇ ಬೀಡಿನ ಎರಕ, ಅದೇ ರೈತ, ಅದೇ ಏಜೆಂಟರ ಅಂಗಡಿ. ಆಳವಾಗಿ ಉತ್ತ ಹೊಲ ನೀರು ಕೇಳುತ್ತದೆ. ನೀರು ಬಾವಿಯಲ್ಲಿದೆ, ಕಪಿಲೆಯಿಂದ ಎತ್ತಬೇಕು. ಕಪಿಲೆ ಹೊಡೆಯುವುದೆಂದರೆ ನಸುಕಿನಿಂದ ಎತ್ತುಗಳು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆಯುತ್ತ ತೊಗಲಿನ ಚೀಲದಲ್ಲಿ ನೀರು ಸೇದುವುದು. ಬಿಸಿಲೇರಿದರೆ ಎತ್ತು ಬಿಡಬೇಕು. ಪಂಪಿನ ಒಳಗೆ ಇರುವುದು ಒಂದು ಬೀಡಿನ ಗೂಡು, ಅದರಲ್ಲಿ ತಿರುಗುವ ಎಲೆಗಳ ಚಕ್ರ. ನೋಡಲು ಸರಳ. ಆದರೆ ಅದು ಕೆಲಸ ಮಾಡಬೇಕಾದರೆ ನಿಮಿಷಕ್ಕೆ ಸಾವಿರ ಸಾವಿರದೈನೂರು ಸುತ್ತು ತಿರುಗಬೇಕು. ಎತ್ತು ಅಷ್ಟು ಜೋರಾಗಿ ತಿರುಗಿಸಲಾರದು, ಮನುಷ್ಯನೂ ತಿರುಗಿಸಲಾರ.

ಕ್ರಮದ ಮಾತು ಬರುವುದು ಇಲ್ಲಿಯೇ. ಪಂಪು ಮಾಡಿದವನು ಅದನ್ನು ತಿರುಗಿಸುವುದನ್ನೂ ಯೋಚಿಸಲೇಬೇಕು. ಇಂಜಿನ್ನುಗಳು ಆಗ ಇಂಗ್ಲೆಂಡಿನಿಂದ ಬರುತ್ತಿದ್ದವು. ಪಂಪು ನಮ್ಮದು, ಇಂಜಿನ್ನು ಪರದೇಶದ್ದು ಎಂದಾದರೆ ಸಾಮಾನು ಎಷ್ಟಾಗಬೇಕು, ಯಾವಾಗ ಬರಬೇಕು ಎಂಬ ಲಗಾಮು ಪರದೇಶದವರ ಕೈಯಲ್ಲಿ. ಇಂಜಿನ್ನು ನಾವೇ ಮಾಡೋಣ ಎಂದರೆ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಸಿಲಿಂಡರ್ ಕೊರೆಯುವ, ಕ್ರ್ಯಾಂಕ್ ತಿರುವುವ ಯಂತ್ರಗಳು ಬೇಕು. ಆ ಯಂತ್ರಗಳೂ ಪರದೇಶದವೇ. ಪಂಪಿನಿಂದ ಇಂಜಿನ್ನಿಗೆ, ಇಂಜಿನ್ನಿನಿಂದ ಲೇತಿಗೆ, ಹೀಗೆ ಒಂದು ಕೊರತೆ ಇನ್ನೊಂದರ ಬಾಗಿಲಿಗೆ ಕರೆದೊಯ್ಯುತ್ತದೆ. ಶಂತನುರಾಯರ ಐವತ್ತು ವರ್ಷದ ದುಡಿಮೆ ಈ ಸರಪಳಿಯ ಒಂದೊಂದು ಕೊಂಡಿಯನ್ನು ದೇಶದೊಳಗೆ ಮಾಡುವುದರಲ್ಲಿಯೇ ಕಳೆಯಿತು ಎನ್ನಬಹುದು.

ಆದರೆ ಮೊದಲು ಬಂದದ್ದು ಮುಗ್ಗಟ್ಟಿನ ಕಾಲ. 1930ರ ಆಸುಪಾಸಿನಲ್ಲಿ ಬೆಳೆಯ ಬೆಲೆ ಬಿತ್ತು, ರೈತನ ಕೈಯಲ್ಲಿ ರೊಕ್ಕವಿಲ್ಲ, ರಂಟೆ ಕೊಳ್ಳುವವರಿಲ್ಲ. ಆ ವರ್ಷಗಳಲ್ಲಿ ಕಾರ್ಖಾನೆ ಕಬ್ಬಿಣದ ಕುರ್ಚಿ ಮೇಜು ಮಾಡಿ ಪೇಟೆಗೆ ಕಳಿಸಿತು. ಹೊಲ ಕೊಳ್ಳದಿದ್ದಾಗ ಊರು ಕೊಂಡಿತು, ಕೈಗಳಿಗೆ ಕೆಲಸ ತಪ್ಪಲಿಲ್ಲ. ಇದನ್ನು ಚಿಕ್ಕ ಪ್ರಸಂಗವೆಂದು ದಾಟಿ ಹೋಗುವವರಿದ್ದಾರೆ. ಕೆಲಸಗಾರನ ಕಣ್ಣಿನಿಂದ ನೋಡಿದರೆ ಇದು ಚಿಕ್ಕದಲ್ಲ. ಪಳಗಿದ ಅಚ್ಚುಗಾರ ಒಮ್ಮೆ ಊರು ಬಿಟ್ಟು ಹೋದರೆ ಮತ್ತೆ ಸಿಗುವುದಿಲ್ಲ.

ಸರಪಳಿಯ ದೊಡ್ಡ ಕೊಂಡಿ ಬಿದ್ದದ್ದು ನಮ್ಮ ನಾಡಿನಲ್ಲಿ. ಎರಡನೆಯ ಮಹಾಯುದ್ಧ ಶುರುವಾಗಿ ಪರದೇಶದ ಲೇತುಗಳು ಬರುವುದು ಕಡಿಮೆಯಾದಾಗ, 1941ರಲ್ಲಿ, ಮೈಸೂರು ಸಂಸ್ಥಾನದ ನೆರವಿನಿಂದ ಹರಿಹರದಲ್ಲಿ ಮೈಸೂರ್ ಕಿರ್ಲೋಸ್ಕರ್ ಹುಟ್ಟಿತು. ತುಂಗಭದ್ರೆಯ ಈಚೆ ಮೈಸೂರು, ಆಚೆ ದಂಡೆ ಮುಂಬಯಿ ಇಲಾಖೆ, ಗಡಿಯ ಊರು. ನೀರಿತ್ತು, ಪುಣೆ-ಬೆಂಗಳೂರು ರೈಲು ಹಳಿ ಇತ್ತು. ಕಾರ್ಖಾನೆಯ ಸುತ್ತ ಬೆಳೆದ ವಸಾಹತಿಗೆ ಯಂತ್ರಪುರ ಎಂಬ ಹೆಸರು ಬಂತು. ಸರ್ಕಾರದ ಎಚ್‌ಎಂಟಿ ಬೆಂಗಳೂರಿನಲ್ಲಿ ಹುಟ್ಟಿದ್ದು 1953ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲು ಹರಿಹರದಲ್ಲಿ ಲೇತು ಮಾಡುವ ಕೆಲಸ ಹಿಡಿದಿದ್ದರು ಎಂಬುದನ್ನು ನಾನು ತರಗತಿಯಲ್ಲಿ ಹೆಮ್ಮೆಯಿಂದಲೇ ಹೇಳುತ್ತಿದ್ದೆ.

ಲೇತಿನ ಬೆಡ್ಡು ಮಾಡುವುದು ತಾಳ್ಮೆಯ ಕೆಲಸ. ಎರಕ ಹೊಯ್ದ ಬೀಡು ಆರಿದ ಮೇಲೂ ಒಳಗೊಳಗೇ ಸೆಟೆದುಕೊಂಡಿರುತ್ತದೆ. ಕೂಡಲೇ ಕಡೆದು ಜೋಡಿಸಿದರೆ ಕೆಲವು ತಿಂಗಳಲ್ಲಿ ಸೊಟ್ಟಗಾಗುತ್ತದೆ. ಅದಕ್ಕೇ ಹಳೆಯ ಕಾಲದ ಲೇತ್ ಕಾರ್ಖಾನೆಗಳಲ್ಲಿ ಎರಕಗಳನ್ನು ಅಂಗಳದಲ್ಲಿ ಬಿಸಿಲು ಮಳೆಗೆ ಬಿಟ್ಟು ಹಳೆಯದಾಗಿಸುತ್ತಿದ್ದರು. ಆಮೇಲೆ ಸಮತಟ್ಟು ತಟ್ಟೆಗೆ ನೀಲಿ ಬಣ್ಣ ಸವರಿ, ಬೆಡ್ಡಿನ ಮೇಲೆ ಉಜ್ಜಿ, ಬಣ್ಣ ಹತ್ತಿದ ಉಬ್ಬುಗಳನ್ನಷ್ಟೇ ಕೈಯಿಂದ ಸ್ಕ್ರೇಪರಿನಲ್ಲಿ ಹೆರೆಯುವುದು. ಮತ್ತೆ ಬಣ್ಣ, ಮತ್ತೆ ಹೆರೆಯುವುದು. ನಾನು ಕೆಲಸ ಕಲಿತದ್ದು ಹರಿಹರದ ‘ಎಂಟರ್‌ಪ್ರೈಸ್’ ಲೇತಿನ ಮೇಲೆ, ಕಲಿಸಿದ್ದು ಅದರ ಮೇಲೂ ‘ಟರ್ನ್‌ಮಾಸ್ಟರ್’ ಮೇಲೂ. ಹೆಡ್‌ಸ್ಟಾಕಿನ ಗೇರು ಬದಲಿಸುವ ಹಿಡಿಕೆ ಕೈಗೆ ಕೂರುತ್ತಿದ್ದ ಬಗೆ ನನ್ನ ಅಂಗೈಗೆ ಇನ್ನೂ ಗೊತ್ತು. ಕರ್ನಾಟಕದ ಎಷ್ಟೋ ಟರ್ನರುಗಳ ಮೊದಲ ಲೇತು ಅದು.

1946ರಲ್ಲಿ ಎರಡು ಕೊಂಡಿಗಳು ಒಂದೇ ವರ್ಷ ಸೇರಿದವು. ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್, ಬ್ರಿಟನ್ನಿನ ಇಂಜಿನ್ ಕಂಪನಿಯ ತಾಂತ್ರಿಕ ಸಹಾಯದಿಂದ. ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ತಮ್ಮ ರವಿ ಕಿರ್ಲೋಸ್ಕರರ ಉಸ್ತುವಾರಿಯಲ್ಲಿ. ಶಂತನುರಾಯರು ತಾವು ಪುಣೆಗೆ ನಡೆದರು. ಈ ಇಬ್ಬಗೆಯ ಲೆಕ್ಕವನ್ನು ನಾನು ಬಹಳ ಮೆಚ್ಚುತ್ತೇನೆ. ವಿದ್ಯುತ್ತು ಇಲ್ಲದ ಹಳ್ಳಿಗೆ ಡೀಸೆಲ್ ಇಂಜಿನ್ನು, ವಿದ್ಯುತ್ತು ಮುಟ್ಟಿದ ಹಳ್ಳಿಗೆ ಮೋಟಾರು. ಎರಡರ ತುದಿಗೂ ಕಿರ್ಲೋಸ್ಕರವಾಡಿಯ ಪಂಪು. ಶಿವನಸಮುದ್ರದಲ್ಲಿ 1902ರಷ್ಟು ಹಿಂದೆಯೇ ವಿದ್ಯುತ್ತು ತೆಗೆದ ಮೈಸೂರು ಸಂಸ್ಥಾನದ ಕಡೆಗೆ ಮೋಟಾರಿನ ಕಾರ್ಖಾನೆ ಬಂದದ್ದು ಸಹಜ.

ಎರಡು ವರ್ಷ ಕಳೆಯುವುದರೊಳಗೆ ಕಿರ್ಲೋಸ್ಕರವಾಡಿಗೆ ಬೆಂಕಿ ಬಿತ್ತು. 1948ರ ಜನವರಿ 30ರಂದು ಗಾಂಧೀಜಿಯವರ ಕೊಲೆಯಾಯಿತು. ಕೊಂದವನು ಮಹಾರಾಷ್ಟ್ರದ ಬ್ರಾಹ್ಮಣನೆಂದು ತಿಳಿದ ಕೂಡಲೇ ಆ ಸೀಮೆಯಲ್ಲಿ ಬ್ರಾಹ್ಮಣರ ಮನೆ, ಅಂಗಡಿ, ಕಾರ್ಖಾನೆಗಳ ಮೇಲೆ ಗುಂಪುಗಳು ನುಗ್ಗಿದವು. ಜಾತಿ ನೋಡದೆ ಕೆಲಸ ಕೊಟ್ಟಿದ್ದ ಕಾರ್ಖಾನೆಯೂ ಸುಟ್ಟಿತು. ಯಾವ ಕೊಲೆಗೂ ಸಂಬಂಧವಿಲ್ಲದ ಅಚ್ಚುಗಾರನ ಹೊಟ್ಟೆಯ ಮೇಲೆ ಬಿದ್ದ ಪೆಟ್ಟು ಅದು. ಅವರು ಮತ್ತೆ ಕಟ್ಟಿದರು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಬಾವಿಗೆ ಇಂಜಿನ್ನು ಬಂದದ್ದು ಅರವತ್ತರ ದಶಕದಲ್ಲಿ. ಎವಿ-1 ಎಂಬ ಮಾದರಿ: ಒಂದೇ ಸಿಲಿಂಡರು, ಐದು ಕುದುರೆಶಕ್ತಿ, ನಿಮಿಷಕ್ಕೆ 1,500 ಸುತ್ತು. ಸಿಲಿಂಡರಿನ ಬೋರು 80 ಮಿಲಿಮೀಟರು, ಪಿಸ್ಟನ್ನಿನ ಓಟ 110 ಮಿಲಿಮೀಟರು. ಈ ಅಳತೆಗಳನ್ನು ಆಮೇಲೆ ನಾನು ಓದಿ ಕಲಿತೆ. ಆಗ ಗೊತ್ತಿದ್ದದ್ದು ಅದರ ಸಪ್ಪಳ. ಅಪ್ಪ ಪಿಎಲ್‌ಡಿ ಎಂಬ ಸಹಕಾರಿ ಭೂ ಅಭಿವೃದ್ಧಿ ಬ್ಯಾಂಕಿನ ಸಾಲ ತೆಗೆದು ತಂದಿದ್ದ. ಪಂಪು ನೀರು ಹೀರುವ ಆಳಕ್ಕೆ ಮಿತಿಯಿದೆ, ಇಪ್ಪತ್ತು ಇಪ್ಪತ್ತೈದು ಅಡಿಗಿಂತ ಕೆಳಗಿನ ನೀರನ್ನು ಅದು ಸೆಳೆಯಲಾರದು. ಹಾಗಾಗಿ ಬಾವಿಯ ಗೋಡೆಯಲ್ಲಿ ಕಲ್ಲಿನ ಕಟ್ಟೆ ಕಟ್ಟಿ ಅದರ ಮೇಲೆ ಇಂಜಿನ್ನು ಕೂರಿಸಿದ್ದರು, ಹೊಗೆಯ ಕೊಳವೆಯನ್ನು ಮೇಲೆ ಬಯಲಿಗೆ ಬಿಟ್ಟಿದ್ದರು. ಶುರುಮಾಡುವ ಮೊದಲು ಪಂಪಿನಲ್ಲಿ ನೀರು ತುಂಬಬೇಕು. ಫುಟ್‌ವಾಲ್ವ್ ಸೋರುತ್ತಿದ್ದರೆ ಆ ನೀರಿಗೆ ಸೆಗಣಿ ಕದಡಿ ಹಾಕುತ್ತಿದ್ದರು. ಸೆಗಣಿ ಸಂದಿಯಲ್ಲಿ ಕೂತು ಸೋರಿಕೆ ನಿಲ್ಲುತ್ತಿತ್ತು.

“ತಮ್ಮಾ, ಲಿವರ್ ಎತ್ತಿ ಹಿಡಿ, ನಾ ಹೇಳೂತನಕ ಬಿಡಬ್ಯಾಡ,” ಎನ್ನುತ್ತಿದ್ದ ಅಪ್ಪ.

ಆ ಲಿವರ್ ಎತ್ತಿದರೆ ವಾಲ್ವ್ ತೆರೆದುಕೊಂಡು ಸಿಲಿಂಡರಿನೊಳಗೆ ಒತ್ತಡ ಹುಟ್ಟುವುದಿಲ್ಲ, ಹ್ಯಾಂಡಲು ಹಗುರಾಗಿ ತಿರುಗುತ್ತದೆ. ಅಪ್ಪ ಎರಡೂ ಕೈಯಿಂದ ಹ್ಯಾಂಡಲು ತಿರುವುತ್ತ ವೇಗ ಹತ್ತಿಸಿ “ಬಿಡು!” ಎಂದಾಗ ಬಿಡಬೇಕು. ಒಂದು ಢಗ್, ಒಂದು ಉಸಿರಿನಷ್ಟು ಸುಮ್ಮನೆ, ಮತ್ತೊಂದು ಢಗ್, ಆಮೇಲೆ ಬಿಡುವಿಲ್ಲದ ಸಪ್ಪಳ. ಪಂಪಿನ ನೀರಿನ ಒಂದು ಸಣ್ಣ ಕವಲು ಇಂಜಿನ್ನಿನ ಮೈಸುತ್ತ ಹರಿದು ಅದನ್ನು ತಂಪು ಮಾಡಿ, ತಾನು ಬಿಸಿಯಾಗಿ ಹೊರಬೀಳುತ್ತಿತ್ತು. ಚಳಿಗಾಲದಲ್ಲಿ ನಾವು ಮಕ್ಕಳು ಆ ಬಿಸಿನೀರಿಗೆ ಕೈಕಾಲು ಒಡ್ಡುತ್ತಿದ್ದೆವು. ಹುಬ್ಬಳ್ಳಿಯ ಕಡೆಯಿಂದ ಬರುತ್ತಿದ್ದ ಒಬ್ಬ ಮಿಸ್ತ್ರಿ ಇಂಜಿನ್ನನ್ನು ಗೋಣಿತಟ್ಟಿನ ಮೇಲೆ ಪೂರಾ ಬಿಚ್ಚಿ, ರಿಂಗು ಬದಲಿಸಿ, ಸಂಜೆಯೊಳಗೆ ಮತ್ತೆ ಜೋಡಿಸಿ ಹೋಗುತ್ತಿದ್ದ. “ಸಾವ್ಕಾರ್ರ, ಇದರ ಸಾಮಾನು ಸಿಗದಿರೂ ಊರಿಲ್ಲ ನೋಡ್ರಿ,” ಎಂದು ಅವನು ಅಪ್ಪನಿಗೆ ಹೇಳಿದ್ದು ನೆನಪಿದೆ. ರಂಟೆಯ ಕುಳದ ಕಾಲದ ಬುದ್ಧಿ ಇಂಜಿನ್ನಿನವರೆಗೂ ಬಂದಿತ್ತು. ನಾನು ಟರ್ನರ್ ಆಗಬೇಕೆಂದು ಬಯಸಿದ್ದು ಆ ಮಿಸ್ತ್ರಿಯ ಕೈ ನೋಡಿ.

ಆ ಹೊತ್ತಿಗೆ ಶಂತನುರಾಯರು ಮುಂದಕ್ಕೆ ಹೋಗಿದ್ದರು. 1958ರಲ್ಲಿ ಕಿರ್ಲೋಸ್ಕರ್ ನ್ಯೂಮ್ಯಾಟಿಕ್, ಕಂಪ್ರೆಸರುಗಳಿಗೆ. 1962ರಲ್ಲಿ ಅಮೆರಿಕದ ಕಮಿನ್ಸ್ ಜೊತೆ ಕೂಡಿ ಲಾರಿಗೂ ಭಾರೀ ಯಂತ್ರಗಳಿಗೂ ಬೇಕಾಗುವ ದೊಡ್ಡ ಇಂಜಿನ್ನುಗಳು. 1965ರಲ್ಲಿ ಪದ್ಮಭೂಷಣ, ಅದೇ ಸುಮಾರಿಗೆ ವಾಣಿಜ್ಯ ಮಂಡಳಿಗಳ ಒಕ್ಕೂಟವಾದ ಎಫ್‌ಐಸಿಸಿಐನ ಅಧ್ಯಕ್ಷಗಿರಿ. ಕೊಂಡಿ ತಪ್ಪಿದ ಕೆಲಸಗಳೂ ಇವೆ. ನಾಸಿಕದಲ್ಲಿ ಜರ್ಮನಿಯ ಡಾಯಿಟ್ಸ್ ಜೊತೆ ಕೂಡಿ ತಂದ ಟ್ರ್ಯಾಕ್ಟರು ಬಹಳ ದಿನ ಬಾಳಲಿಲ್ಲ. ಪಂಪು ಇಂಜಿನ್ನು ಕೊಂಡ ರೈತನೇ ಟ್ರ್ಯಾಕ್ಟರನ್ನೂ ಕೊಂಡಾನು ಎಂದು ನನಗೂ ಅನಿಸುತ್ತಿತ್ತು. ಆದರೆ ಬಾವಿಯ ಕಟ್ಟೆಯ ಮೇಲೆ ಕೂತಲ್ಲೇ ತಿರುಗುವ ಇಂಜಿನ್ನಿಗೂ ಹೊಲದೊಳಗೆ ಕೆಸರು ತುಳಿದು ಎಳೆಯುವ ಗಾಡಿಗೂ ಬೇಕಾದ ಅನುಭವ ಬೇರೆ ಬೇರೆ.

ಸರ್ಕಾರದ ಲೈಸೆನ್ಸಿನ ಕಟ್ಟುಗಳ ವಿರುದ್ಧ ಅವರು ಎದೆಯೊಡ್ಡಿ ಮಾತಾಡಿದರು. ಯಾವ ವಸ್ತು ಮಾಡಬೇಕು, ಎಷ್ಟು ಮಾಡಬೇಕು ಎಂಬುದಕ್ಕೆಲ್ಲ ದಿಲ್ಲಿಯ ಅಪ್ಪಣೆ ಬೇಕಾಗಿದ್ದ ಕಾಲ ಅದು. ಬೇಡಿಕೆ ಇದ್ದರೂ ಹೆಚ್ಚು ಇಂಜಿನ್ನು ಮಾಡುವಂತಿಲ್ಲ ಎಂದರೆ ಇಂಜಿನಿಯರನಿಗೆ ಸಿಟ್ಟು ಬರುವುದು ಸರಿಯೇ, ಆ ಸಿಟ್ಟಿನಲ್ಲಿ ಸತ್ಯವಿತ್ತು. ಅಲ್ಲಿಯವರೆಗೂ ನಾನು ಅವರ ಜೊತೆ. ಆದರೆ ಆ ಸರಪಳಿಯ ಹಿಂದೆ ಸರ್ಕಾರದ ಕೈ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಔಂಧದ ರಾಜರು ನೆಲ, ಸಾಲ ಕೊಡದಿದ್ದರೆ ಕಿರ್ಲೋಸ್ಕರವಾಡಿ ಇಲ್ಲ. ಮೈಸೂರು ಸಂಸ್ಥಾನ ಕೈ ಹಿಡಿಯದಿದ್ದರೆ ಯಂತ್ರಪುರ ಇಲ್ಲ. ಪಿಎಲ್‌ಡಿ ಬ್ಯಾಂಕಿನ ಸಾಲವಿಲ್ಲದೆ ನಮ್ಮಪ್ಪನಂಥವನು ಇಂಜಿನ್ನಿನ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಸರ್ಕಾರದ ವಿದ್ಯುತ್ ಮಂಡಳಿ ಕೆಇಬಿಯ ಕಂಬಗಳು ಹಳ್ಳಿಗೆ ಬರದಿದ್ದರೆ ಬೆಂಗಳೂರಿನ ಮೋಟಾರುಗಳು ಹೊಲಕ್ಕೆ ಬರುತ್ತಿರಲಿಲ್ಲ. ಆ ಲೇತುಗಳ ಮೇಲೆ ಕೈ ಪಳಗಿಸಿದ ಐಟಿಐಗಳೂ ಸರ್ಕಾರದವೇ. ಉದ್ಯಮಿಯ ಛಲ, ಸಂಸ್ಥಾನದ ನೆರವು, ಮಿಸ್ತ್ರಿಯ ಕೈ ಇವು ಕೂಡಿದಾಗಲೇ ಬಾವಿಯಿಂದ ನೀರು ಮೇಲೆ ಬಂದದ್ದು. ಆತ್ಮಕಥೆಗಳಲ್ಲಿ ಮೊದಲನೆಯದಕ್ಕೆ ಪುಟ ಜಾಸ್ತಿ ಸಿಗುತ್ತದೆ. ಉಳಿದೆರಡನ್ನು ನಮ್ಮಂಥವರು ಬರೆಯಬೇಕು.

ಮೊದಲ ಮಹಾಯುದ್ಧದ ಬೀಡಿನ ಮಾತು ಹೇಳಿದ್ದೆನಲ್ಲ. ಕಿರ್ಲೋಸ್ಕರ್ ಉದ್ಯಮ ಗುಂಪು 1991ರಲ್ಲಿ ಕಿರ್ಲೋಸ್ಕರ್ ಫೆರಸ್ ಎಂಬ ಕಂಪನಿ ಹುಟ್ಟುಹಾಕಿ ಕೊಪ್ಪಳದ ಹತ್ತಿರ ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣದ ಕುಲುಮೆ ಕಟ್ಟಿತು. ಹೊಸಪೇಟೆ ಸೊಂಡೂರಿನ ಅದಿರು ಸಮೀಪ, ತುಂಗಭದ್ರೆಯ ನೀರು ಸಮೀಪ. ಬೀಡಿನ ಜೊತೆಗೆ ಇಂಜಿನ್ನುಗಳ ಸಿಲಿಂಡರ್ ಬ್ಲಾಕಿನಂಥ ಎರಕಗಳನ್ನೂ ಅಲ್ಲಿ ಹೊಯ್ಯುತ್ತಾರೆ. ಬೆಳಗಾವಿಯಲ್ಲಿ ರಂಟೆಯ ಕುಳ ಹೊಯ್ದವರ ಮೊಮ್ಮಕ್ಕಳ, ಮರಿಮಕ್ಕಳ ಕಾಲಕ್ಕೆ ಸರಪಳಿ ಅದಿರಿನ ತನಕ ಇಳಿದು ನಮ್ಮ ನಾಡಿನಲ್ಲೇ ಮುಟ್ಟಿತು. ಅದೇ ಹೊತ್ತಿಗೆ ಹರಿಹರದಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವ ಕಿರ್ಲೋಸ್ಕರ್ ಸಂಸ್ಥೆಯೂ ತಲೆಯೆತ್ತಿತು.

ಹರಿಹರದ ಲೇತ್ ಕಾರ್ಖಾನೆ ಮಾತ್ರ ಉಳಿಯಲಿಲ್ಲ. ತೊಂಬತ್ತರ ದಶಕದಲ್ಲಿ ಪರದೇಶದ ಯಂತ್ರಗಳಿಗೆ ಬಾಗಿಲು ತೆರೆಯಿತು, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳು ಬಂದವು, ಈ ಶತಮಾನದ ಆರಂಭದ ವರ್ಷಗಳಲ್ಲಿ ಯಂತ್ರಪುರದ ಕೆಲಸ ನಿಂತಿತು. ನನ್ನ ಕೈಯಲ್ಲಿ ಕಲಿತು ಅಲ್ಲಿ ಸೇರಿದ್ದ ಹುಡುಗರು ಕೆಲವರು ಪೀಣ್ಯಕ್ಕೆ ಹೋದರು, ಕೆಲವರು ಊರಲ್ಲೇ ಸಣ್ಣ ವರ್ಕ್‌ಶಾಪ್ ಹಾಕಿದರು. ಅವರ ವರ್ಕ್‌ಶಾಪುಗಳಲ್ಲಿ ಇರುವುದು ಹಳೆಯ ಎಂಟರ್‌ಪ್ರೈಸ್ ಲೇತುಗಳೇ, ಹರಾಜಿನಲ್ಲಿ ಹಿಡಿದು ತಂದು ಬೆಡ್ಡು ಹೊಸದಾಗಿ ಗ್ರೈಂಡ್ ಮಾಡಿಸಿದವು. ಕಬ್ಬಿನ ಗಾಣದ ರೋಲರಿನ ಶಾಫ್ಟ್ ತಿರುಗಿಸುವುದಿರಲಿ, ಬೋರ್‌ವೆಲ್ ಪಂಪಿನ ಬುಶ್ ಇರಲಿ, ಒಂದೇ ಒಂದು ನಗ ಬೇಕಾದವನ ಕೆಲಸಕ್ಕೆ ಸಿಎನ್‌ಸಿಯವರು ಕೈಹಾಕುವುದಿಲ್ಲ, ಪ್ರೋಗ್ರಾಮ್ ಬರೆಯುವ ಖರ್ಚು ಹುಟ್ಟುವುದಿಲ್ಲ. ಅವನು ಬರುವುದು ಇವರ ಹತ್ತಿರ. ಹೆಡ್‌ಸ್ಟಾಕಿನ ಗೇರಿನ ಹಲ್ಲು ಮುರಿದರೆ ಈಗ ಕಂಪನಿಯ ಸಾಮಾನು ಸಿಗುವುದಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ಯಿಸಿ, ಹಲ್ಲು ಕಡೆಸಿ, ಎರಡು ದಿನದಲ್ಲಿ ಹೊಸ ಗೇರು ಕೂರಿಸುತ್ತಾರೆ.